ಪುಟ್ಟಿ, ಹೋದ ಮೂರು ಜನರ ಕೆಲಸ ನಿನ್ನ ತಲೆ ಮೇಲಲ್ಲ

ಪುಟ್ಟಿ, ರಾತ್ರಿ ನೀನು ಗ್ರೂಪಲ್ಲಿ ಹಾಕಿದ್ದು ಈಗ ನೋಡ್ದೆ. ಟೀಮಲ್ಲಿ 6 ಜನ ಇದ್ರಿ, 3 ಜನ ಬಿಟ್ಟುಹೋದ್ರು, ಅವರ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ, ಭಾನುವಾರ ಸಂಜೆ ಆದ್ರೆ ಹೊಟ್ಟೆ ತೊಳಸತ್ತೆ ಅಂತ ಬರ್ದಿದೀಯ. ಕೊನೇಲಿ 'ನನಗೇ ಕೈಲಾಗ್ತಿಲ್ವೇನೋ' ಅಂದಿದೀಯಲ್ಲ, ಅದನ್ನ ಓದಿ ಸುಮ್ನಿರೋಕಾಗ್ಲಿಲ್ಲ.

ನಿನ್ನ ಕೈಲಾಗದೆ ಅಲ್ಲ ಕಣೇ. 6 ಜನರ ಕೆಲಸಾನ 3 ಜನ ಎಳೀತಿದೀರ, ಅದಕ್ಕೆ.

ದೊಡ್ಡಪ್ಪ, 'ಎಲ್ಲಾ ಕಡೆ ಹೀಗೇ, ಹೊಂದ್ಕೊಂಡು ಹೋಗಮ್ಮ' ಅಂದ್ರಿ. ಅವಳ ಮೇಲಿನ ಅಕ್ಕರೆಗೇ ಹೇಳಿದ್ರಿ, ಗೊತ್ತು. ಆದ್ರೆ ದೇಹ ಹೊಂದ್ಕೊಳ್ಳಲ್ಲ ದೊಡ್ಡಪ್ಪ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರು ಸೇರಿ ಲೆಕ್ಕ ಹಾಕಿದ್ರು. ವಾರಕ್ಕೆ 55 ಗಂಟೆ, ಅದಕ್ಕೂ ಮೇಲೆ ದುಡಿಯೋರಿಗೆ ಪಾರ್ಶ್ವವಾಯು ಹೊಡಿಯೋ ಅಪಾಯ 35ರಿಂದ 40 ಗಂಟೆ ದುಡಿಯೋರಿಗಿಂತ ಸುಮಾರು 35 ಪರ್ಸೆಂಟ್ ಜಾಸ್ತಿ. ಹೃದಯದ ಕಾಯಿಲೆಯಿಂದ ಸಾಯೋ ಅಪಾಯ 17 ಪರ್ಸೆಂಟ್ ಜಾಸ್ತಿ. ಇವಳು ಶನಿವಾರಾನೂ ಸೇರಿಸಿದ್ರೆ ಆ 55 ದಾಟಿ ಎಷ್ಟೋ ವಾರ ಆಯ್ತು.

ಪುಟ್ಟಿ, ಮೊನ್ನೆ ಟೈಮ್‌ಶೀಟ್ ತೋರಿಸಿದ್ಯಲ್ಲ. ಸೋಮವಾರದಿಂದ ಶುಕ್ರವಾರದ ತನಕ ಸಾಲಾಗಿ 8, 8, 8, 8, 8 ಗಂಟೆ. ಮಂಗಳವಾರ ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ಫೈಲು ಆ ಶೀಟಲ್ಲಿ ಎಲ್ಲೂ ಇಲ್ಲ. ಮ್ಯಾನೇಜರ್ರೇ '8 ಹಾಕಿ ಸಾಕು' ಅಂದ್ರು ಅಂದೆ. ನಂಗೆ ಸಿಟ್ಟು ಬಂದಿದ್ದು ಅಲ್ಲೇ. ನೀವು ಹಲ್ಲು ಕಚ್ಕೊಂಡು ಎಲ್ಲಾ ಮುಗಿಸ್ತಿದ್ರೆ ಮೇಲಿನವರಿಗೆ ಏನು ಕಾಣತ್ತೆ ಹೇಳು? ಜನ ಕಮ್ಮಿ ಆದ್ರು, ಕೆಲಸ ಟೈಮಿಗೆ ಆಗ್ತಿದೆ, 3 ಸಂಬಳ ಉಳೀತು. ಇನ್ಯಾಕೆ ಹೊಸಬರನ್ನ ತಗೋತಾರೆ? ನಾನೂ ಟೀಮ್ ನಡೆಸೋಳು. ಜನ ಬೇಕು ಅಂತ ಕೇಳೋಕೆ ಹೋದ್ರೆ ಮೇಲಿನವರು ಮೊದಲು ಕೇಳೋದೇ 'ಯಾವ ಕೆಲಸ ನಿಂತಿದೆ, ತೋರಿಸಿ' ಅಂತ. ತೋರಿಸೋಕೆ ಏನೂ ಇಲ್ದಿದ್ರೆ ಮಾತು ಅಲ್ಲಿಗೇ ಮುಗೀತು.

ಅದಕ್ಕೇ, ಮೊದಲು ನಿಜವಾದ ಗಂಟೆ ಬರಿ. ಆ ಶೀಟಲ್ಲಿ ಬಿಡದಿದ್ರೆ ನಿನ್ನದೇ ಒಂದು ಡೈರೀಲಿ. ಹೊಸ ಕೆಲಸ ಬಂದಾಗ 'ಆಗಲ್ಲ' ಅನ್ಬೇಡ, ಫೋನಲ್ಲೂ ಮಾತಾಡ್ಬೇಡ, ಮೇಲ್ ಹಾಕು: 'ಈಗ ಕೈಯಲ್ಲಿ ಇಷ್ಟಿದೆ, ಇದನ್ನ ತಗೊಂಡ್ರೆ ಯಾವುದನ್ನ ಮುಂದಕ್ಕೆ ಹಾಕಲಿ?' 'ಎಲ್ಲಾನೂ ಅರ್ಜೆಂಟ್' ಅಂತಾರೆ, ಖಂಡಿತ ಅಂತಾರೆ. ಆಗ 'ಈ ಕ್ರಮದಲ್ಲಿ ಮಾಡ್ತೀನಿ, ಇದೊಂದು ಮುಂದಿನ ವಾರಕ್ಕೆ ಹೋಗತ್ತೆ' ಅಂತ ನೀನೇ ಬರ್ದು ಕಳ್ಸು. ಉಳಿದಿಬ್ರೂ ಹೀಗೇ ಬರೀಲಿ. ಒಬ್ಬಳೇ ಬರೆದ್ರೆ ನಿನ್ನ ಮೇಲೇ ಕಣ್ಣು ಬೀಳತ್ತೆ.

'ನಾವೆಲ್ಲ ಒಂದೇ ಫ್ಯಾಮಿಲಿ' ಅಂತ ಶನಿವಾರ ಮೀಟಿಂಗ್ ಇಟ್ಟು ಹುರುಪು ತುಂಬ್ತಾರಂತಲ್ಲ, ಅದರಿಂದ ಯಾರಿಗೂ ಹುರುಪು ಬರಲ್ಲ. ಆ ಶನಿವಾರ ರಜೆ ಕೊಟ್ಟಿದ್ರೆ ಬರ್ತಿತ್ತು.

ಬೇರೆ ಕೆಲಸಾನೂ ನೋಡ್ತಿರು. ಆಫೀಸಲ್ಲಿ ಯಾರಿಗೂ ಹೇಳ್ಬೇಡ. ಸಿಟ್ಟಲ್ಲಿ ರಾಜೀನಾಮೆ ಬರೀಬೇಡ. ಆದ್ರೆ ನಿದ್ದೆ, ಊಟ ಹೀಗೇ ಕೆಡ್ತಾ ಹೋದ್ರೆ ಮೊದಲು ಡಾಕ್ಟರ್ ಹತ್ರ ಹೋಗು, ಕೆಲಸದ ಮಾತು ಆಮೇಲೆ. ಮೇಲ್ ಬರ್ದು ನಂಗೆ ಕಳ್ಸು, ಅವರಿಗೆ ಹೋಗೋ ಮುಂಚೆ ಒಂದ್ಸಲ ಓದ್ತೀನಿ.