ಕಾನ್ಫಿಗ್ ಸರಿಯಿದ್ದರೂ ಬೂಟ್ ಹಂತದಲ್ಲೇ ಎಫ್‌ಟ್ರೇಸ್ ನಿಷ್ಕ್ರಿಯವಾಗುತ್ತಿದೆ

ಬೋರ್ಡ್‌ಬವಣೆ:
ಲಿನಕ್ಸ್ ಕರ್ನಲ್‌ನೊಳಗಿನ ಫಂಕ್ಷನ್ ಕರೆಗಳ ಜಾಡು ಹಿಡಿಯುವ ಸಾಧನ ಎಫ್‌ಟ್ರೇಸ್ ಬೇಕೆಂದು, ನನ್ನ ಬೋರ್ಡ್‌ಗೆ ಡೈನಮಿಕ್ ಎಫ್‌ಟ್ರೇಸ್ ಆಯ್ಕೆಯನ್ನು ಸೇರಿಸಿಯೇ ಕರ್ನಲ್ ಬಿಲ್ಡ್ ಮಾಡಿದ್ದೇನೆ. ಆದರೂ ಫಂಕ್ಷನ್ ಫಿಲ್ಟರ್ ಕಡತವನ್ನು ತೆರೆಯಲು ಹೋದರೆ ‘ನೋ ಸಚ್ ಡಿವೈಸ್’ ಎಂಬ ಉತ್ತರ ಬರುತ್ತದೆ. ಇದೇ ಆಯ್ಕೆಗಳು ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತವೆ. ‘ಕಾನ್ಫಿಗ್ ನೋಡಿ’ ಎಂಬ ಸಲಹೆಯನ್ನು ದಯವಿಟ್ಟು ಯಾರೂ ಕೊಡಬೇಡಿ. ಅದನ್ನು ನೋಡಿ ನೋಡಿ ಸಾಕಾಗಿದೆ.

ಇನ್‌ಲೈನ್‌ವಾದಿ:
ಇದು ಲಿಂಕ್ ಟೈಮ್ ಆಪ್ಟಿಮೈಸೇಷನ್ನಿನ ಕೆಲಸವೇ. ಈ ಎಲ್‌ಟಿಒ ಇದ್ದರೆ ಒಂದು ಕಡತದ ಫಂಕ್ಷನ್ ಇನ್ನೊಂದು ಕಡತದೊಳಗೆ ಇನ್‌ಲೈನ್ ಆಗಿ (ಕರೆಯ ಜಾಗದಲ್ಲಿ ಅದರ ಕೋಡೇ ಸೇರಿಕೊಂಡು), ಅದರ ಹೆಸರೇ ಪಟ್ಟಿಯಿಂದ ಮಾಯವಾಗುತ್ತದೆ. ಅದನ್ನು ತೆಗೆದು ಮತ್ತೆ ಬಿಲ್ಡ್ ಮಾಡಿ.

ಸಂಕೇತಶೋಧಕ:
ಇನ್‌ಲೈನ್ ಆದ ಫಂಕ್ಷನ್ ಪಟ್ಟಿಯಲ್ಲಿ ಕಾಣಿಸುವುದಿಲ್ಲ ಎಂಬುದು ನಿಜ, ಆದರೆ ಅಷ್ಟಕ್ಕೇ ಎಫ್‌ಟ್ರೇಸ್ ಪೂರ್ತಿಯಾಗಿ ಬಾಗಿಲು ಮುಚ್ಚುವುದಿಲ್ಲ. ಈ ದೋಷ ಬರುವುದು ಕರ್ನಲ್ ತನ್ನ ಟ್ರೇಸರನ್ನು ತಾನೇ ನಿಲ್ಲಿಸಿಕೊಂಡಾಗ. ಪ್ರೊಸೆಸರ್ ಯಾವುದು, ಕರ್ನಲ್ ಆವೃತ್ತಿ ಯಾವುದು, ಬೂಟ್ ಲಾಗ್‌ನ ಆರಂಭದಲ್ಲಿ ಏನಿದೆ ಎಂಬುದನ್ನು ತಿಳಿಸದೆ ಯಾರೂ ಏನನ್ನೂ ಹೇಳಲಾರರು.

ಬೋರ್ಡ್‌ಬವಣೆ:
64 ಬಿಟ್ ರಿಸ್ಕ್-ವಿ ಪ್ರೊಸೆಸರ್‌ನ ಬೋರ್ಡ್, ಸರಬರಾಜುದಾರರು ಕೊಟ್ಟ 5.10 ಕರ್ನಲ್, ಜಿಸಿಸಿ ಮತ್ತು ಗ್ನೂ ಲಿಂಕರ್. ಲಾಗ್‌ನ ಆರಂಭದಲ್ಲಿ ‘ಎಫ್‌ಟ್ರೇಸ್ ಬಗ್’ ಎಂಬ ಸಾಲಿನ ಹತ್ತಿರ, ನಿರೀಕ್ಷಿಸಿದ್ದು ಇದು, ಸಿಕ್ಕಿದ್ದು ಇದು ಎಂದು ಹೆಕ್ಸ್ (ಹದಿನಾರು ಆಧಾರದ) ಸಂಖ್ಯೆಗಳ ಎರಡು ಜೋಡಿಗಳಿವೆ. ನಿರೀಕ್ಷಿತ ಜೋಡಿಯ ಮೊದಲ ಸಂಖ್ಯೆ 097ರಲ್ಲಿ ಕೊನೆಗೊಳ್ಳುತ್ತದೆ, ಸಿಕ್ಕ ಜೋಡಿಯದು 0ಇಎಫ್‌ನಲ್ಲಿ.

ಇನ್‌ಲೈನ್‌ವಾದಿ:
ಹಾಗಾದರೆ ಒಂದೇ ರೀತಿಯ ಫಂಕ್ಷನ್‌ಗಳನ್ನು ಲಿಂಕರ್ ಒಂದಾಗಿ ಮಡಿಸಿರಬೇಕು. ನಾನು ಕ್ಲ್ಯಾಂಗ್ ಕಂಪೈಲರ್ ಜೊತೆಗಿನ ಎಲ್‌ಎಲ್‌ಡಿ ಲಿಂಕರನ್ನೇ ಬಳಸುವುದು. 64 ಕೋರ್‌ಗಳ ನನ್ನ ಯಂತ್ರದಲ್ಲಿ ಲಿಂಕಿಂಗ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಸಂಕೇತಶೋಧಕ:
ತಮ್ಮ ಯಂತ್ರದ ವೇಗ ಇಲ್ಲಿ ಅಪ್ರಸ್ತುತ. ಅಲ್ಲದೆ ಕ್ಲ್ಯಾಂಗ್ ಎಲ್‌ಟಿಒ ಮೂಲ ಕರ್ನಲ್‌ಗೆ ಸೇರಿದ್ದೇ 5.12ರಲ್ಲಿ.

ಆಜ್ಞಾಪಾಠಕ:
ಉತ್ತರ ಆ ಕೊನೆಯ ಅಂಕಿಗಳಲ್ಲೇ ಇದೆ. ರಿಸ್ಕ್-ವಿಯಲ್ಲಿ 097 ಎಂದರೆ ಆರ್‌ಎ (ಕರೆಯಿಂದ ಮರಳುವ ವಿಳಾಸದ) ರಿಜಿಸ್ಟರ್‌ಗೆ ಬರೆಯುವ ಎಯುಐಪಿಸಿ, ಅಂದರೆ ದೂರದ ವಿಳಾಸದ ಮೇಲ್ಭಾಗವನ್ನು ಲೆಕ್ಕಹಾಕುವ ಆಜ್ಞೆ; 0ಇಎಫ್ ಎಂದರೆ ಅದೇ ರಿಜಿಸ್ಟರ್ ಬಳಸುವ ಜೆಎಎಲ್, ಅಂದರೆ ಹತ್ತಿರದ ಗುರಿಗೆ ನೇರವಾಗಿ ಜಿಗಿಯುವ ಆಜ್ಞೆ. 5.10ರಲ್ಲಿ ಕಂಪೈಲರ್ ಪ್ರತಿ ಫಂಕ್ಷನ್ನಿನ ಆರಂಭದಲ್ಲಿ ಎಂಕೌಂಟ್ ಎಂಬ ಟ್ರೇಸಿಂಗ್ ಫಂಕ್ಷನ್‌ಗೆ ಕರೆ ಸೇರಿಸುತ್ತದೆ, ಮತ್ತು ಆ ಕರೆ ಎಯುಐಪಿಸಿ, ಜೆಎಎಲ್‌ಆರ್ (ರಿಜಿಸ್ಟರ್‌ನಲ್ಲಿರುವ ವಿಳಾಸಕ್ಕೆ ಜಿಗಿತ) ಎಂಬ ಎರಡು ಆಜ್ಞೆಗಳ 8 ಬೈಟ್ ಜೋಡಿ ಎಂದೇ ಎಫ್‌ಟ್ರೇಸ್ ನಂಬಿರುತ್ತದೆ. ಗುರಿ 1 ಎಂಬಿ ಆಸುಪಾಸಿನಲ್ಲಿದ್ದರೆ ಲಿಂಕರ್ ‘ರಿಲ್ಯಾಕ್ಸೇಷನ್’ ನಡೆಸಿ, ಜೋಡಿಯನ್ನು 4 ಬೈಟ್‌ಗಳ ಒಂದೇ ಜೆಎಎಲ್ ಆಗಿ ಕುಗ್ಗಿಸುತ್ತದೆ. ದೂರದ ಫಂಕ್ಷನ್‌ಗಳಲ್ಲಿ ಜೋಡಿ ಹಾಗೇ ಉಳಿದಿರುತ್ತದೆ. ಆದರೆ ಬೂಟ್ ಹೊತ್ತಿನಲ್ಲಿ ಕರೆಗಳನ್ನೆಲ್ಲ ನಾಪ್ (ಏನೂ ಮಾಡದ ಆಜ್ಞೆ) ಆಗಿ ಬದಲಿಸುವಾಗ ಒಂದೇ ಒಂದು ಕಡೆ ಹೊಂದದಿದ್ದರೂ ಎಫ್‌ಟ್ರೇಸ್ ಇಡಿಯಾಗಿ ನಿಂತುಬಿಡುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್‌ಗಳ ಎಕ್ಸ್86 ಪ್ರೊಸೆಸರ್‌ನಲ್ಲಿ ಹೀಗೆ ಕರೆಯನ್ನು ಕುಗ್ಗಿಸುವ ಪ್ರಕ್ರಿಯೆಯೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಾಣದಿರಲು ಅದೇ ಕಾರಣ.

ಇದನ್ನು ತಡೆಯಲೆಂದೇ ರಿಸ್ಕ್-ವಿ ಮೇಕ್‌ಫೈಲ್, ಡೈನಮಿಕ್ ಎಫ್‌ಟ್ರೇಸ್ ಇದ್ದಾಗ ಲಿಂಕರ್‌ಗೆ ನೋ-ರಿಲ್ಯಾಕ್ಸ್ ಸೂಚನೆ ಕೊಡುತ್ತದೆ. ನಿಮ್ಮ ಪ್ರತಿಯಲ್ಲಿ ಅದರ ಕೆಳಗೆ ಅದೇ ವೇರಿಯಬಲ್‌ಗೆ ಯಾರಾದರೂ += (ಇರುವುದಕ್ಕೆ ಸೇರಿಸು) ಬದಲು := (ಇರುವುದನ್ನು ಅಳಿಸಿ ಹೊಸದನ್ನಿಡು) ಬಳಸಿದ್ದಾರೆಯೇ ನೋಡಿ.

ಬೋರ್ಡ್‌ಬವಣೆ:
ಹೌದು, ಸರಬರಾಜುದಾರರು ಸೇರಿಸಿದ ಸಾಲಿನಲ್ಲಿ := ಇತ್ತು. ಬದಲಿಸಿದೆ, ಟ್ರೇಸರ್ ಈಗ ನಡೆಯುತ್ತಿದೆ. ಆದರೆ ಇಮೇಜ್ ದೊಡ್ಡದಾಯಿತು. ಹೊಸ ಕರ್ನಲ್‌ಗೆ ಹೋದರೆ ರಿಲ್ಯಾಕ್ಸೇಷನ್ ಉಳಿಸಿಕೊಳ್ಳಬಹುದೇ?

ಆಜ್ಞಾಪಾಠಕ:
ಹಾಗೆಂದು ನಂಬಿ ಆ ಸೂಚನೆಯನ್ನು ತೆಗೆಯಬೇಡಿ. 5.12ರಿಂದ ಫಂಕ್ಷನ್ನಿನ ಆರಂಭದಲ್ಲಿ ಕರೆಯ ಬದಲು ನಾಪ್‌ಗಳೇ ಇರುವುದರಿಂದ ಅಲ್ಲಿ ಲಿಂಕರ್‌ಗೆ ಕುಗ್ಗಿಸಲು ಏನೂ ಸಿಗದು. ಆದರೆ 5.12ರ ನಂತರದ ಹಲವು ಆವೃತ್ತಿಗಳಲ್ಲಿ ಟ್ರ್ಯಾಂಪೊಲೀನ್‌ನ (ಫಂಕ್ಷನ್‌ನಿಂದ ಟ್ರೇಸರ್‌ಗೆ ದಾಟಿಸುವ ನಡುವಿನ ಕೋಡ್‌ನ) ಅಸೆಂಬ್ಲಿಯಲ್ಲಿರುವ ಕರೆ ಕುಗ್ಗಿದರೆ, ಟ್ರೇಸರ್ ಬದಲಾಗುವಾಗ ಬರೆಯುವ 8 ಬೈಟ್‌ಗಳು ಪಕ್ಕದ ಆಜ್ಞೆಯನ್ನೇ ನುಂಗುತ್ತವೆ. ಅಲ್ಲಿ ಎಚ್ಚರಿಕೆಯ ಸಾಲೂ ಬರುವುದಿಲ್ಲ. ಗಾತ್ರವೇ ಮುಖ್ಯವಾದರೆ ಬಿಡುಗಡೆಯ ಬಿಲ್ಡ್‌ನಲ್ಲಿ ಡೈನಮಿಕ್ ಎಫ್‌ಟ್ರೇಸನ್ನೇ ತೆಗೆಯಿರಿ. ಆಗ ರಿಲ್ಯಾಕ್ಸೇಷನ್ ತಾನಾಗಿ ಮರಳುತ್ತದೆ.

ಇನ್‌ಲೈನ್‌ವಾದಿ:
ಆದರೂ ಒಮ್ಮೆ ಎಲ್‌ಎಲ್‌ಡಿಯಲ್ಲಿ ಪ್ರಯತ್ನಿಸಿ ನೋಡಬಹುದಿತ್ತು.