ಟಾರ್ಚ್ ಬಿಚ್ಚಿ ಮಾರ್ಪಾಡು ಮಾಡುವ ಆಸೆ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ನನ್ನ ಹತ್ತಿರ ಒಂದು ಕಾನ್ವಾಯ್ ಎಸ್2+ ಟಾರ್ಚ್ ಇದೆ, ಒಂದೇ 18650 (ಮರುಚಾರ್ಜ್ ಆಗುವ ಲಿಥಿಯಂ) ಸೆಲ್ಲಿನದು. ಗಟ್ಟಿಮುಟ್ಟಾಗಿದೆ. ಆದರೆ ಬೆಳಕು ಬೆಳ್ಳಗೆ ಕೊರೆಯುತ್ತದೆ, ಸ್ವಲ್ಪ ಹಸಿರು ಬೇರೆ. ಅದರಲ್ಲಿ ನೋಡಿದರೆ ಮರ, ಮಣ್ಣು, ಮುಖ ಎಲ್ಲವೂ ಪೇಲವ. ನಾನೇ ಬಿಚ್ಚಿ ಸರಿ ಮಾಡಿಕೊಳ್ಳಬೇಕು ಅಂತ ಆಸೆ. ಬೆಳಕೂ ಸ್ವಲ್ಪ ಜಾಸ್ತಿ ಆದರೆ ಇನ್ನೂ ಒಳ್ಳೆಯದು. ಬೆಸುಗೆ ಹಾಕಲು ಒಂದು ಮಟ್ಟಿಗೆ ಬರುತ್ತದೆ. ಮಾಡಿ ನೋಡಿದವರು ಹೇಳಿ, ಯಾವುದು ಮೊದಲು, ಯಾವುದು ಬೇಡ?

ಉತ್ತರ 1

ಎರಡು ಆಸೆಯಲ್ಲಿ ಮೊದಲನೆಯದನ್ನು ಹಿಡಿಯಿರಿ. ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಇಮ್ಮಡಿ ಆದರೂ ಕಣ್ಣಿಗೆ ಇಮ್ಮಡಿ ಅನ್ನಿಸುವುದಿಲ್ಲ. ಬಣ್ಣ ಸರಿಯಾದರೆ ಮಾತ್ರ ಸ್ವಿಚ್ ಒತ್ತಿದ ಕ್ಷಣವೇ ಗೊತ್ತಾಗುತ್ತದೆ.

ಅಂದರೆ ಎಲ್‌ಇಡಿ ಬದಲಾಯಿಸಿ. ನನ್ನ ಆಯ್ಕೆ ನಿಚಿಯಾ 519ಎ. 3 ವೋಲ್ಟಿನದು, 90ಕ್ಕಿಂತ ಹೆಚ್ಚು ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) ಇರುವ ಬಗೆ ಸಿಗುತ್ತದೆ. ಅಂದರೆ ಕೆಂಪು ಕೆಂಪಾಗಿಯೇ ಕಾಣುತ್ತದೆ, ಕಂದು ಬೂದಿಯಾಗುವುದಿಲ್ಲ. ಬಣ್ಣದ ತಾಪ 4500 ಕೆಲ್ವಿನ್ ಇರಲಿ. ತೀರಾ ಹಳದಿಯೂ ಅಲ್ಲ, ನೀಲಿಯೂ ಅಲ್ಲ.

ಬಿಡಿ ಎಲ್‌ಇಡಿ ತೆಗೆದುಕೊಳ್ಳಬೇಡಿ. 16 ಮಿ.ಮೀ. ತಾಮ್ರದ ಬೋರ್ಡಿಗೆ ಮೊದಲೇ ಕೂರಿಸಿದ್ದನ್ನು ತರಿಸಿ. ಇಲ್ಲದಿದ್ದರೆ ಸೋಲ್ಡರ್ ಪೇಸ್ಟ್, ಹಾಟ್ ಪ್ಲೇಟ್ ಅಂತ ಬೇರೆಯೇ ಸಂಸಾರ ಶುರುವಾಗುತ್ತದೆ. ಬೋರ್ಡು ಡಿಟಿಪಿ ಬಗೆಯದ್ದೇ ಎಂದು ನೋಡಿಕೊಳ್ಳಿ. ಅದರಲ್ಲಿ ಎಲ್‌ಇಡಿಯ ನಡುವಿನ ಪ್ಯಾಡ್ ನೇರವಾಗಿ ತಾಮ್ರಕ್ಕೇ ಅಂಟಿರುತ್ತದೆ, ಮಧ್ಯೆ ಶಾಖ ತಡೆಯುವ ಪದರ ಇರುವುದಿಲ್ಲ.

ಕೆಲಸದಲ್ಲಿ ಎಲ್ಲರನ್ನೂ ಸತಾಯಿಸುವುದು ಆ ತಾಮ್ರವೇ. ಅದು ಬೆಸುಗೆ ಐರನ್ನಿನ ಶಾಖವನ್ನೆಲ್ಲ ಕುಡಿದುಬಿಡುತ್ತದೆ. ಸಣ್ಣ ಚೂಪು ತುದಿ ಹಿಡಿದರೆ ಸೋಲ್ಡರ್ ಕರಗುವುದೇ ಇಲ್ಲ. ಅಗಲ ತುದಿ ಹಾಕಿ, 350 ಡಿಗ್ರಿ ಆಸುಪಾಸಿಗೆ ಇಡಿ. ಬೋರ್ಡು ಟಾರ್ಚಿನ ಹೊರಗಿರುವಾಗಲೇ ಎರಡೂ ಪ್ಯಾಡಿಗೆ, ವೈರಿನ ತುದಿಗಳಿಗೆ ಫ್ಲಕ್ಸ್ ಹಚ್ಚಿ ಸೋಲ್ಡರ್ ಬಳಿದಿಟ್ಟುಕೊಳ್ಳಿ. ಆಮೇಲೆ ಒತ್ತಿ ಹಿಡಿದರೆ ಸಾಕು. ಪ್ಲಸ್, ಮೈನಸ್ ಗುರುತು ನೋಡಿ. ಹಳೆಯದನ್ನು ಕೀಳುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಂಡರೆ ಸಾಕಷ್ಟು ತಲೆನೋವು ತಪ್ಪುತ್ತದೆ. ಬೋರ್ಡಿನ ಅಡಿಗೆ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ. ಜಾಸ್ತಿ ಹಾಕಿದರೆ ಶಾಖ ಜಾಸ್ತಿ ಹೋಗುವುದಿಲ್ಲ, ಕಡಿಮೆಯೇ ಹೋಗುತ್ತದೆ.

ಇದೆಲ್ಲಕ್ಕೂ ಮೊದಲು ಸೆಲ್ ಹೊರಗೆ ತೆಗೆದಿಡಿ. ಹೇಳುವುದೇ ಬೇಡ ಅನ್ನಿಸಬಹುದು. ಆದರೂ ಹೇಳುತ್ತೇನೆ.

ಉತ್ತರ 2

ಐರನ್ ಕಾಯಿಸುವ ಮುಂಚೆ ಒಂದು ಸುಲಭ ದಾರಿ ನೋಡಿ. ಸ್ಟೇಜ್ ಲೈಟುಗಳಿಗೆ ಹಾಕುವ ಮೈನಸ್ ಗ್ರೀನ್ ಫಿಲ್ಟರ್ ಹಾಳೆ ಇದೆಯಲ್ಲ, ಅದನ್ನು ಗಾಜಿನ ಅಳತೆಗೆ ದುಂಡಗೆ ಕತ್ತರಿಸಿ ಒಳಗೆ ಇಡಿ. ಹಸಿರು ಹೋಗುತ್ತದೆ, ಬೆಳಕೂ ಸ್ವಲ್ಪ ಹೋಗುತ್ತದೆ. ಸಿಆರ್‌ಐ ಮಾತ್ರ ಎಲ್‌ಇಡಿಯದ್ದು ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ. ನಡುವಿನ ಚುಕ್ಕೆ ಕಣ್ಣಿಗೆ ಚುಚ್ಚುತ್ತಿದ್ದರೆ ಕಿಟಕಿ ಗಾಜಿಗೆ ಅಂಟಿಸುವ ಮಂಜು ಹಾಳೆ ಸಾಕು. ಹತ್ತಿರದ ಕೆಲಸಕ್ಕೆ ಬೆಳಕು ಸಮನಾಗಿ ಹರಡುತ್ತದೆ. ಬೇಡವಾದರೆ ಕಿತ್ತು ಬಿಸಾಕಿ.

ಉತ್ತರ 3

ನಾನಾಗಿದ್ದರೆ ಸ್ಪ್ರಿಂಗ್ ಬೈಪಾಸ್‌ನಿಂದ ಶುರು ಮಾಡುತ್ತಿದ್ದೆ. ಸೆಲ್ಲನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ತಂತಿ ತೆಳ್ಳಗೆ, ಉದ್ದ ಬೇರೆ. ಜಾಸ್ತಿ ಕರೆಂಟ್ ಹರಿದರೆ ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ. ಸ್ಪ್ರಿಂಗಿನ ತಳದಿಂದ ತುದಿಗೆ ಒಂದು ಮೆತ್ತನೆ ಸಿಲಿಕೋನ್ ವೈರ್ ಬೆಸೆದರೆ ಆಯಿತು. ಬೇಗ ಮುಗಿಯುವ ಕೆಲಸ, ಬೆಳಕು ಏರಿದ್ದು ಕಾಣುತ್ತದೆ.

ಉತ್ತರ 1

ಅದು ನಿಮ್ಮ ಟಾರ್ಚಿಗೆ ನಿಜ. ಇವರದ್ದಕ್ಕೆ ನಿಜವೋ ಅಲ್ಲವೋ ಅನ್ನುವುದು ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟ್ ನಿಯಂತ್ರಿಸುವ ಸರ್ಕ್ಯೂಟ್) ಮೇಲೆ ನಿಂತಿದೆ. ಎಸ್2+ ನಲ್ಲಿ ಹೆಚ್ಚಾಗಿ ಬರುತ್ತಿದ್ದುದು 7135 ಚಿಪ್ಪುಗಳ ಡ್ರೈವರ್. ಒಂದೊಂದು ಚಿಪ್ ಸುಮಾರು 350 ಮಿಲಿಆಂಪ್ ಬಿಡುತ್ತದೆ. ಎಂಟಿದ್ದರೆ 2.8 ಆಂಪ್, ಅಷ್ಟೇ. ಬೈಪಾಸ್ ಹಾಕಿದರೂ ಅದಕ್ಕಿಂತ ಒಂದು ಹನಿ ಜಾಸ್ತಿ ಬರುವುದಿಲ್ಲ. ಸೆಲ್ ಇಳಿಯುತ್ತಾ ಬಂದಾಗ ಪೂರ್ತಿ ಬೆಳಕು ಇನ್ನೊಂದಿಷ್ಟು ಹೊತ್ತು ನಿಲ್ಲಬಹುದು.

ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಡ್ರೈವರಿನ ಕಥೆ ಬೇರೆ. ಟರ್ಬೊದಲ್ಲಿ, ಅಂದರೆ ಅತಿ ಹೆಚ್ಚು ಬೆಳಕಿನ ಮಟ್ಟದಲ್ಲಿ, ಅದು ಸೆಲ್ಲನ್ನು ನೇರ ಎಲ್‌ಇಡಿಗೇ ಕೂಡಿಸಿಬಿಡುತ್ತದೆ. ತಡೆಯೆಲ್ಲ ಸ್ಪ್ರಿಂಗು, ವೈರು, ಸೆಲ್ಲಿನ ಒಳಗಿನದ್ದು. ಅಲ್ಲಿ ಬೈಪಾಸ್ ಹಾಕಿ, ಜಾಸ್ತಿ ಕರೆಂಟ್ ಕೊಡುವ ಸೆಲ್ ಹಾಕಿ, ಜೊತೆಗೆ 519ಎ ಥರದ ಕಡಿಮೆ ವೋಲ್ಟೇಜಿನಲ್ಲೇ ಹೆಚ್ಚು ಎಳೆಯುವ ಒಂದೇ ಎಲ್‌ಇಡಿ ಕೂರಿಸಿದರೆ, ಬೆಳಕು ನೀಲಿಗೆ ತಿರುಗಿ ಎಲ್‌ಇಡಿ ಸುಟ್ಟುಹೋಗಬಹುದು. ಹಾಗಾಗಿ ಮೊದಲು ಡ್ರೈವರ್ ಯಾವುದು ಅಂತ ನೋಡಿ. ಮಾರ್ಪಾಡುಗಳ ಪಟ್ಟಿ ಆಮೇಲೆ.

ಪ್ರಶ್ನೆ ಕೇಳಿದವರು

ಬಿಚ್ಚಿ ನೋಡಿದೆ, 7135 ಚಿಪ್ಪುಗಳೇ ಇವೆ. ಹಾಗಾದರೆ ಬೈಪಾಸ್ ಬಿಟ್ಟೆ. ಇನ್ನೆರಡು ಅನುಮಾನ. 519ಎ ಮೇಲಿನ ಗುಮ್ಮಟವನ್ನು (ಉಬ್ಬಿದ ಪಾರದರ್ಶಕ ಮುಚ್ಚಳ) ಬ್ಲೇಡಿನಿಂದ ಕೊಯ್ಯುತ್ತಾರಂತೆ, ಯಾಕೆ? ಕಪ್ಪು ಲೇಪ ತೆಗೆದು ಬರೀ ಅಲ್ಯೂಮಿನಿಯಂ ಹೊಳಪು ಬರಿಸುವುದು ಹೇಗೆ?

ಉತ್ತರ 4

ಗುಮ್ಮಟ ಕೊಯ್ದರೆ ನಾಲ್ಕು ಬದಲಾವಣೆ ಒಟ್ಟಿಗೆ ಆಗುತ್ತವೆ. ಬೆಳಕು ದೂರ ಹೋಗುತ್ತದೆ, ಒಟ್ಟು ಲ್ಯೂಮೆನ್ ಇಳಿಯುತ್ತದೆ, ಹಸಿರು ಕಳೆದು ಗುಲಾಬಿಯ ಕಡೆ ವಾಲುತ್ತದೆ, ಬಣ್ಣದ ತಾಪವೂ ಕುಸಿಯುತ್ತದೆ. 5700 ಕೆಲ್ವಿನ್ನಿನದು ಕೊಯ್ದ ಮೇಲೆ ಸುಮಾರು 4500 ಆಗುತ್ತದೆ. ಕೊಯ್ಯುವ ಯೋಚನೆ ಇದ್ದರೆ 5700 ತರಿಸಿ, ಇಲ್ಲದಿದ್ದರೆ 4500. ಇದನ್ನು ಈಗಲೇ ತೀರ್ಮಾನಿಸಿಕೊಳ್ಳಿ.

ಕೊಯ್ಯುವಾಗ ಹೊಸ ಬ್ಲೇಡ್ ಹಿಡಿದು ತಳಕ್ಕಿಂತ ಒಂಚೂರು ಮೇಲೆ, ಮಟ್ಟಸವಾಗಿ ಕೊಯ್ಯಿರಿ. ಗುಮ್ಮಟದ ಸಿಲಿಕೋನ್ ತೆಳ್ಳಗೆ ಉಳಿಯಬೇಕು. ಪೂರ್ತಿ ಕೀಳಲು ಹೋದರೆ ಬೆಳಕನ್ನು ಬಿಳಿಯಾಗಿಸುವ ಹಳದಿ ಫಾಸ್ಫರ್ ಪದರ ಕೂಡ ಕಿತ್ತು ಬರಬಹುದು. ಮೊದಲ ಸಲಕ್ಕೆ ನನ್ನ ಮಾತು ಕೇಳುವುದಾದರೆ, ಕೊಯ್ಯಲೇಬೇಡಿ. ಎಸ್2+ ಕೈಯಲ್ಲಿ ಹಿಡಿದು ಓಡಾಡುವ ಟಾರ್ಚ್, ಗುಮ್ಮಟ ಇದ್ದಾಗ ಬೀಳುವ ಅಗಲ ಬೆಳಕೇ ಅದಕ್ಕೆ ಚೆಂದ.

ಉತ್ತರ 5

ಲೇಪದ ಬಗ್ಗೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿದರೆ ಆನೊಡೈಸ್ ಪದರ (ಆ ಕಪ್ಪು ಲೇಪ) ಕರಗುತ್ತದೆ. ಅಲ್ಯೂಮಿನಿಯಂ ಸಿಕ್ಕಿದ ಮೇಲೆ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಬಯಲಿನಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಪುಡಿಯನ್ನು ನೀರಿಗೆ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ. ಓ-ರಿಂಗ್, ಸ್ವಿಚ್, ಗಾಜು, ಡ್ರೈವರ್ ಎಲ್ಲ ಹೊರಗೆ. ರಿಫ್ಲೆಕ್ಟರ್ (ಎಲ್‌ಇಡಿ ಸುತ್ತಲಿನ ಹೊಳೆಯುವ ಬಟ್ಟಲು) ಅಂತೂ ಆ ನೀರಿನ ಹತ್ತಿರವೂ ಹೋಗಬಾರದು.

ಇನ್ನೊಂದು ವಿಷಯ ಬಹಳ ಜನ ಯೋಚಿಸುವುದಿಲ್ಲ. ಹಿಂದಿನ ಮುಚ್ಚಳದ ಕಡೆಯ ಥ್ರೆಡ್‌ಗೆ ಆನೊಡೈಸ್ ಇದ್ದರೆ ಅದು ಕರೆಂಟ್ ತಡೆಯುತ್ತದೆ. ಅದಕ್ಕೇ ಮುಚ್ಚಳ ಕಾಲು ಸುತ್ತು ಸಡಿಲಿಸಿದರೆ ಟಾರ್ಚ್ ಹತ್ತುವುದಿಲ್ಲ, ಬ್ಯಾಗಿನೊಳಗೆ ತಾನಾಗಿ ಹತ್ತಿಕೊಂಡು ಕಾದುಹೋಗುವ ಭಯ ಇಲ್ಲ. ಲೇಪ ತೆಗೆದರೆ ಆ ಅನುಕೂಲವೂ ಹೋಯಿತು. ಹೊಳಪು ಬೇಕೇ ಬೇಕು ಅಂದರೆ ಸಾಗಿಸುವಾಗ ಸೆಲ್ ಹೊರಗೆ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಉತ್ತರ 3

ಬೈಪಾಸ್ ಬಿಟ್ಟಿರಿ, ಇರಲಿ! ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಒಮ್ಮೆ ನೋಡಿ. ಹರಿದಿದ್ದರೆ ಹೊಸ ಹೊದಿಕೆ ಹಾಕದೆ ಬಳಸಬೇಡಿ. 18650 ಸೆಲ್ಲಿನ ಮೈಯೆಲ್ಲ ಮೈನಸ್. ಟಾರ್ಚಿನ ಕೊಳವೆಯೂ ಮೈನಸ್ಸೇ, ಆದರೆ ಪ್ಲಸ್ ತುದಿಯ ಸುತ್ತಲಿನ ಅಂಚಿನಲ್ಲಿ ಹರಿದಿದ್ದರೆ ಶಾರ್ಟ್ ಆಗಲು ಕೂದಲೆಳೆ ಅಂತರ ಸಾಕು.

ಪ್ರಶ್ನೆ ಕೇಳಿದವರು

ಸರಿ. 519ಎ, 4500, ಬೋರ್ಡ್ ಸಮೇತ ತರಿಸುತ್ತೇನೆ. ಕೊಯ್ಯುವುದಿಲ್ಲ, ಲೇಪವೂ ಇರಲಿ. ಥರ್ಮಲ್ ಪೇಸ್ಟ್ ಇದೆ. ಇನ್ನೇನಾದರೂ ಜೊತೆಗೆ ತರಿಸಬೇಕಾ?

ಉತ್ತರ 1

ಬಿಳಿ ಪ್ಲಾಸ್ಟಿಕ್ ರಿಂಗ್ ಒಂದು. ಎಲ್‌ಇಡಿ ಸುತ್ತ ಕೂತು ರಿಫ್ಲೆಕ್ಟರನ್ನು ನಡುವಿಗೆ ಹಿಡಿಯುತ್ತದಲ್ಲ, ಅದು. ನಿಮ್ಮದರಲ್ಲಿ ಈಗ ಎಕ್ಸ್‌ಎಂ-ಎಲ್2 ಎಲ್‌ಇಡಿ ಇದ್ದರೆ ರಿಂಗಿನ ತೂತು 5 ಮಿ.ಮೀ. ಚೌಕದ್ದು. 519ಎ 3.5 ಮಿ.ಮೀ. ಚೌಕ, ಅದರಲ್ಲಿ ಅಲ್ಲಾಡುತ್ತದೆ, ಬೆಳಕಿನ ನಡು ಒಂದು ಪಕ್ಕಕ್ಕೆ ಸರಿಯುತ್ತದೆ. 3535 (3.5 ಮಿ.ಮೀ. ಚೌಕದ್ದು) ಅಂತ ಹೇಳಿಯೇ ತರಿಸಿ. ರಿಂಗ್ ಇಲ್ಲದೆ ಮಾತ್ರ ಮುಚ್ಚಬೇಡಿ. ರಿಫ್ಲೆಕ್ಟರಿನ ಅಡಿಯೂ ಲೋಹವೇ, ಬೆಸುಗೆಗೆ ತಗುಲಿದರೆ ಅಲ್ಲೇ ಶಾರ್ಟ್.