ವೇರಿಯಂಟ್‌ಗೆ ‘ರೂಪಾಂತರಿ’ ಬೇಡ, ‘ಪಾಠಾಂತರ’ ಆದೀತೇ?

ಜೀನ್ ಪರೀಕ್ಷೆಯ ವರದಿಯ ಜತೆ ಮನೆಯವರ ಕೈಗೆ ಕೊಡಲು ಒಂದು ಪುಟದ ಕನ್ನಡ ವಿವರಣೆ ಶಿವಮೊಗ್ಗದಲ್ಲಿ ತಯಾರಾಗುತ್ತಿದೆ. ‘ವೇರಿಯಂಟ್’ ಎಂಬಲ್ಲಿ ಏನು ಬರೆಯಬೇಕು?

ಕೋವಿಡ್ ಕಾಲದಲ್ಲಿ ಪತ್ರಿಕೆಗಳು ಬಳಕೆಗೆ ತಂದ ‘ರೂಪಾಂತರಿ’ ಇಲ್ಲಿ ಹೊಂದುವುದಿಲ್ಲ. ಅದು ವೈರಾಣುವಿನ ಹೆಸರು. ಓದಿದವರಿಗೆ ಮೈಯೊಳಗೆ ಏನೋ ಹೊಕ್ಕಿದೆ ಎನ್ನಿಸುತ್ತದೆ. ಮಗ್ಗುಲಲ್ಲೇ ‘ಕುಲಾಂತರಿ’ ಬದನೆಯ ನೆರಳೂ ಇದೆ. ಪಠ್ಯಪುಸ್ತಕದ ‘ಉತ್ಪರಿವರ್ತನೆ’ ಮ್ಯುಟೇಷನ್‌ಗೆ ಸರಿ. ಆದರೆ ಅದು ಘಟನೆ, ಇದ್ದದ್ದು ಬದಲಾಯಿತು ಎಂಬ ಅರ್ಥ. ವೇರಿಯಂಟ್ ಎಂದರೆ ಹೋಲಿಕೆಗೆ ಇಟ್ಟುಕೊಂಡ ಪ್ರತಿಗೂ ಈ ವ್ಯಕ್ತಿಯ ಪ್ರತಿಗೂ ಇರುವ ವ್ಯತ್ಯಾಸ, ಅಷ್ಟೇ. ಜೀನೋಮ್ ಎಂದರೆ ಡಿಎನ್‌ಎಯ ಇಡೀ ಬರಹ; ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಆ ಸುಮಾರು 300 ಕೋಟಿ ಅಕ್ಷರಗಳಲ್ಲಿ ಯಾರನ್ನು ಹೋಲಿಸಿದರೂ 40ರಿಂದ 50 ಲಕ್ಷ ಕಡೆ ಇಂಥದ್ದು ಸಿಗುತ್ತದೆ, ಬಹುಪಾಲು ನಿರುಪದ್ರವಿ. ಹೋಲಿಕೆಯ ಪ್ರತಿಯೂ ಕೆಲವೇ ಜನರ ಡಿಎನ್‌ಎಯಿಂದ ಜೋಡಿಸಿದ್ದು. ಅದನ್ನು ‘ಮೂಲ’ ಎಂದುಬಿಟ್ಟರೆ ಉಳಿದವರದ್ದೆಲ್ಲ ಕೆಟ್ಟ ನಕಲಾಗುತ್ತದೆ.

ಈ ಅರ್ಥದ ಪದ ನಮ್ಮಲ್ಲಿ ಆಗಲೇ ಇದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವಂಥ ತಾಳೆಗರಿಗಳನ್ನು ಒಂದಕ್ಕೊಂದು ಹೋಲಿಸುವವರು, ಒಂದೇ ಕೃತಿಯ ಮಾತು ಪ್ರತಿಯಿಂದ ಪ್ರತಿಗೆ ಬೇರೆಯಾದ ಕಡೆ, ‘ಪಾಠಾಂತರ’ ಎಂದು ಗುರುತು ಹಾಕುತ್ತಾರೆ. ಯಾವುದು ತಪ್ಪು ಎಂದು ಆ ಪದ ಹೇಳುವುದಿಲ್ಲ. ಆ ವಿಚಾರಣೆ ಆಮೇಲಿನದು.

ಬಗೆಗಳನ್ನು ವಿವರಿಸಲೂ ಇದೇ ದಾರಿ ಸಲೀಸು. ಪ್ರೋಟೀನ್ ಕಟ್ಟುವಾಗ ಜೀವಕೋಶ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ. ‘ಅಡಿಕೆ ಸುಲಿವ ಕೆಲಸ ಮುಗಿತು’ ಎಂದಿಟ್ಟುಕೊಳ್ಳಿ. ‘ಅಡಿಕೆ’ ಹೋಗಿ ‘ಅಡಕೆ’ ಆದರೆ ಮಲೆನಾಡಿನಲ್ಲಿ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ: ಹಾಗೆಯೇ ಡಿಎನ್‌ಎಯಲ್ಲಿ ಜಿಎಜಿ ಎಂಬ ಮೂರಕ್ಷರ ಇದ್ದರೂ ಜಿಎಎ ಇದ್ದರೂ ಪ್ರೋಟೀನಿನ ಆ ಜಾಗದಲ್ಲಿ ಕೂರುವ ಅಮೈನೊ ಆಮ್ಲ ಗ್ಲುಟಾಮಿಕ್ ಆಮ್ಲವೇ. ‘ಸುಲಿವ’ ಹೋಗಿ ‘ಸುರಿವ’ ಆದರೆ ಕೆಲಸವೇ ಬೇರೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ಕಟ್ಟುವ ಬೀಟಾ ಗ್ಲೋಬಿನ್ ಜೀನಿನಲ್ಲಿ ಜಿಎಜಿ ಇದ್ದ ಜಾಗಕ್ಕೆ ಜಿಟಿಜಿ ಬಂದು, ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂತರೆ ಕುಡುಗೋಲು ಕಣ (ಸಿಕಲ್ ಸೆಲ್) ಕಾಯಿಲೆಯ ದೋಷ. (ಹಳೆಯ ಬರಹಗಳಲ್ಲಿ ಇದು 6ನೆಯ ಸ್ಥಾನ, ಈಗಿನ ವರದಿಗಳಲ್ಲಿ 7ನೆಯದು, ಪ್ರೋಟೀನಿನ ಶುರುವಿನಲ್ಲಿ ಬರುವ ಮೆಥಿಯೊನಿನ್ ಎಂಬ ಅಮೈನೊ ಆಮ್ಲವೂ ಎಣಿಕೆಗೆ ಸೇರಿತು. ಎರಡು ಬೇರೆ ದೋಷವೆಂದು ಅನುವಾದಕರು ಮೋಸಹೋಗುವುದು ಇಲ್ಲೇ.) ‘ಡಿ’ ಒಂದು ಬಿದ್ದುಹೋದರೆ ‘ಅಕೆಸು ಲಿವಕೆ ಲಸಮು ಗಿತು’, ಅಲ್ಲಿಂದ ಮುಂದೆ ಎಲ್ಲವೂ ಕೆಟ್ಟಿತು. ಒಂದು ಅಕ್ಷರ ಹೆಚ್ಚಾದರೂ ಇದೇ ಗತಿ. ಇದೇ ಜೀನಿನ ದೋಷದಿಂದ ಹಿಮೋಗ್ಲೋಬಿನ್ ಕಡಿಮೆಯಾಗುವ ಬೀಟಾ ಥಲಸ್ಸೇಮಿಯಾದಲ್ಲಿ, ಭಾರತದಲ್ಲಿ, 8–9ನೆಯ ಮೂರಕ್ಷರದ ಪದಗಳ ನಡುವೆ ಒಂದು ‘ಜಿ’ ಸೇರಿಕೊಳ್ಳುವುದು ಹೀಗೆ. ಈ ಕಾಯಿಲೆಗೆ ನಮ್ಮ ದೇಶದಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷ ಮಾತ್ರ ಪದದೊಳಗೇ ಇಲ್ಲ. ಎಲ್ಲಿ ಕತ್ತರಿಸಿ ಎಲ್ಲಿ ಜೋಡಿಸಬೇಕು ಎಂಬ ಗುರುತಿನ ಹತ್ತಿರ, ಮೊದಲ ಇಂಟ್ರಾನಿನ (ಪ್ರೋಟೀನ್ ಕಟ್ಟುವ ಮೊದಲು ಕತ್ತರಿಸಿ ತೆಗೆಯುವ ತುಂಡಿನ) 5ನೆಯ ಅಕ್ಷರದಲ್ಲಿದೆ.

ಇನ್ನು ಮೂರು ಪದಗಳು ತೊಡಕು ಕೊಡುತ್ತಿವೆ. ‘ಜೆನೆಟಿಕ್’ ಅಂದಲ್ಲೆಲ್ಲ ‘ಆನುವಂಶಿಕ’ ಹಾಕಿದರೆ, ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆಯೂ ಮಕ್ಕಳಿಗೆ ಇಳಿಯುತ್ತದೆ ಎಂದಾಗುತ್ತದೆ. ಅಲ್ಲಿ ‘ಜೀನ್ ಸಂಬಂಧಿ’ ಸಾಕು.

ಎರಡನೆಯದು ‘ರಿಸೆಸಿವ್’. ಅದರ ಜೋಡಿಯಾದ ‘ಡಾಮಿನಂಟ್’ಗೆ ‘ಪ್ರಬಲ’ ಪರವಾಗಿಲ್ಲ: ಮೂಳೆ, ಕೀಲುಗಳನ್ನು ಕಾಡುವ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯಂತೆ, ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ದೋಷವಿದ್ದರೂ ಸಾಕು, ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಎರಡೂ ಪ್ರತಿಗಳಲ್ಲಿ ದೋಷವಿದ್ದರಷ್ಟೇ ರೋಗ ಬರುವ ‘ರಿಸೆಸಿವ್’ಗೆ ‘ದುರ್ಬಲ’ ಮಾತ್ರ ಮೋಸದ ಪದ. ರೋಗವೇ ಮೆದು ಎಂದುಕೊಳ್ಳುತ್ತಾರೆ. ಆದರೆ ಅಂಥದ್ದೇ ಆದ ಥಲಸ್ಸೇಮಿಯಾ ಮೇಜರ್ (ತೀವ್ರ ಬಗೆ) ಇರುವ ಮಗುವಿಗೆ ಮೇಲಿಂದ ಮೇಲೆ ರಕ್ತ ಕೊಡಿಸಬೇಕು. ‘ಗುಪ್ತ’ ಎಂದರೆ ಗುಪ್ತರೋಗ ನೆನಪಾಗುತ್ತದೆ. ‘ಅಡಗಿದ’ ಆದೀತು.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ವೇರಿಯಂಟ್ ರೋಗಕಾರಿಯೋ ನಿರುಪದ್ರವಿಯೋ ಎಂದು ಹೇಳಲು 2015ರಿಂದ ಬಳಕೆಯಲ್ಲಿರುವ ಐದು ದರ್ಜೆಗಳಲ್ಲಿ ನಡುವಿನದನ್ನು ‘ಅನಿಶ್ಚಿತ ಮಹತ್ವದ’ ಎಂದು ಅನುವಾದಿಸುತ್ತಾರೆ. ಓದುಗರ ಕಿವಿಗೆ ಬೀಳುವುದು ‘ಮಹತ್ವದ’ ಒಂದೇ. ಅದನ್ನು ನೆಚ್ಚಿ ಶಸ್ತ್ರಚಿಕಿತ್ಸೆಯನ್ನಾಗಲಿ ಗರ್ಭದ ವಿಚಾರವನ್ನಾಗಲಿ ನಿರ್ಧರಿಸುವಂತಿಲ್ಲ. ‘ಇನ್ನೂ ತೀರ್ಮಾನವಾಗದ’ ಎಂದೇ ಬರೆಯಬೇಕು. ಅದರ ಅಕ್ಕಪಕ್ಕದ ದರ್ಜೆಗಳ ಹೆಸರಿನಲ್ಲಿ ಬರುವ ‘ಲೈಕ್ಲಿ’ಗೆ ‘ಬಹುಶಃ’ ಸಾಲದು, ಅಲ್ಲಿ ಶೇ 90ಕ್ಕಿಂತ ಹೆಚ್ಚಿನ ಖಚಿತತೆ ಇದೆ. ‘ಹೆಚ್ಚುಕಡಿಮೆ ಖಚಿತ’ ಎನ್ನಬಹುದು.

‘ಪಾಠಾಂತರ’ಕ್ಕೆ ಬಂದಿರುವ ಆಕ್ಷೇಪ: ಪಾಠ ಎಂದರೆ ಶಾಲೆಯ ಪಾಠ. ಬದಲಿಗೆ ‘ಅಕ್ಷರಭೇದ’ ಎಂದರೆ ಆಸ್ಪತ್ರೆಯಲ್ಲಿ ಅದು ‘ಭೇದಿ’ಯಾಗಿ ಕೇಳಿಸುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಮಾತಿನಲ್ಲಿ, ಒಂದೇ ಹಾಡನ್ನು ಇಬ್ಬರು ಬೇರೆ ಬೇರೆಯಾಗಿ ಹೇಳುವುದಕ್ಕೆ ಬೇರೆ ಪದವಿದೆಯೇ?